1824ರಲ್ಲಿ ಕಿತ್ತೂರು, ಅದೇ ವರ್ಷ ಬ್ಯಾಥರ್ಸ್ಟ್: ಆಸ್ಟ್ರೇಲಿಯದ ಮೂಲನಿವಾಸಿಗಳ ಹೋರಾಟವನ್ನು ‘ಯುದ್ಧ’ ಎಂದು ಕಲಿಸಬಹುದೇ?

ಪ್ರಶ್ನೆ: ಬೈಲಹೊಂಗಲದ ಅಧ್ಯಾಪಕಿ

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಬೈಲಹೊಂಗಲದ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಪ್ರತಿ ವರ್ಷ ಕಿತ್ತೂರು ಉತ್ಸವಕ್ಕೆ ಮೊದಲು ಮಕ್ಕಳನ್ನು ರಾಣಿ ಚೆನ್ನಮ್ಮನ ಸಮಾಧಿಗೆ ಕರೆದುಕೊಂಡು ಹೋಗಿ, 1824ರಲ್ಲಿ ನಡೆದದ್ದನ್ನು ಅಲ್ಲಿಯೇ ಕುಳಿತು ಹೇಳುವುದು ನಮ್ಮ ರೂಢಿ. ಈ ಸಲ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ಅದೇ ವರ್ಷ ಇಂಗ್ಲಿಷರು ಮತ್ತೆ ಎಲ್ಲಿ, ಯಾರ ಮೇಲೆ ಯುದ್ಧ ಮಾಡುತ್ತಿದ್ದರು?” ಎಂದು ಕೇಳಿದಳು. ಬರ್ಮಾದಲ್ಲಿ ಎಂದು ಆ ಕ್ಷಣಕ್ಕೆ ಹೇಳಿದೆ. ಅದು ತಪ್ಪೇನಲ್ಲ. ಆದರೆ ಮನೆಗೆ ಬಂದು ಓದಲು ಕುಳಿತಾಗ, ಇಷ್ಟು ವರ್ಷ ಪಾಠ ಮಾಡಿಯೂ ನನ್ನ ಕಣ್ಣಿಗೆ ಬೀಳದಿದ್ದ ಇನ್ನೊಂದು ಉತ್ತರ ಸಿಕ್ಕಿತು.

1824ರ ಆಗಸ್ಟ್ 14ರಂದು, ಅಂದರೆ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾಗುವುದಕ್ಕೆ ಎರಡು ತಿಂಗಳು ಮೊದಲು, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಸಾಹತಿನ ಗವರ್ನರ್ ಥಾಮಸ್ ಬ್ರಿಸ್ಬೇನ್, ನೀಲಿ ಬೆಟ್ಟಗಳ ಆಚೆಗಿನ ಬ್ಯಾಥರ್ಸ್ಟ್ ಸೀಮೆಯಲ್ಲಿ ಸೇನಾ ಕಾನೂನನ್ನು ಜಾರಿಗೊಳಿಸಿದನು. ಅಲ್ಲಿಯ ವಿರಾಜುರಿ ಜನರು ವಿಂಡ್ರಡೈನ್ ಎಂಬ ನಾಯಕನೊಡನೆ, ತಮ್ಮ ನೆಲದಲ್ಲಿ ಬಂದು ಕುಳಿತ ಬ್ರಿಟಿಷ್ ವಲಸಿಗರನ್ನು ಎದುರಿಸಿ ನಿಂತಿದ್ದರು. ಆ ಸೇನಾ ಕಾನೂನನ್ನು ಹಿಂತೆಗೆದುಕೊಂಡದ್ದು ಡಿಸೆಂಬರ್ 11ರಂದು. ನಮ್ಮ ಕಿತ್ತೂರಿನ ಕೋಟೆ ಬಿದ್ದದ್ದೂ ಅದೇ ತಿಂಗಳಲ್ಲಿ. ವಿಂಡ್ರಡೈನ್ ತೀರಿಕೊಂಡದ್ದು 1829ರಲ್ಲಿ; ಚೆನ್ನಮ್ಮ ನಮ್ಮ ಊರಿನ ಸೆರೆಯಲ್ಲಿ ಕಣ್ಣು ಮುಚ್ಚಿದ ವರ್ಷವೂ ಅದೇ. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ರೆ ಹತ್ತಲಿಲ್ಲ.

ಈಗ ನನ್ನ ತೊಡಕು ಪದದ್ದು. ಮಕ್ಕಳಿಗೆ ಇದನ್ನು ಏನೆಂದು ಹೇಳಲಿ? ‘ದಂಗೆ’ ಎಂದರೆ ನ್ಯಾಯವಾದ ಅಧಿಕಾರವೊಂದು ಮೊದಲೇ ಇತ್ತು, ಇವರು ಅದರ ಮೇಲೆ ತಿರುಗಿಬಿದ್ದರು ಎಂದಾಗುತ್ತದೆ. ‘ಘರ್ಷಣೆ’ ಎಂದರೆ ಇಬ್ಬರ ತಪ್ಪೂ ಸಮ ಎಂಬಂತೆ ಕೇಳಿಸುತ್ತದೆ. ‘ಯುದ್ಧ’ ಎಂದರೆ ಅಲ್ಲಿ ರಾಜನಿರಲಿಲ್ಲ, ಕೋಟೆಯಿರಲಿಲ್ಲ, ದಂಡು ಇರಲಿಲ್ಲ ಎಂಬ ಆಕ್ಷೇಪ ಬರಬಹುದು. ಇಂಗ್ಲಿಷಿನವರು ಆ ಪ್ರದೇಶವನ್ನು ‘ಗಡಿ’ ಎಂದು ಕರೆಯುತ್ತಾರೆ. ಬೆಳಗಾವಿ ಜಿಲ್ಲೆಯ ಮಕ್ಕಳಿಗೆ ಗಡಿ ಎಂದರೆ ಮಹಾರಾಷ್ಟ್ರದ ಗಡಿಯೇ ಕಣ್ಣಮುಂದೆ ಬರುತ್ತದೆ. ಅದು ನಿಂತಲ್ಲಿ ನಿಂತ ಗೆರೆ. ಅಲ್ಲಿಯ ಗಡಿಯಾದರೋ ಕುರಿಹಿಂಡಿನ ಜೊತೆಗೆ ದಿನದಿನವೂ ಒಳನಾಡಿಗೆ ಸರಿಯುತ್ತಿತ್ತು. ಕಿತ್ತೂರಿನೊಡನೆ, ಹಲಗಲಿಯೊಡನೆ ಇದನ್ನು ಹೋಲಿಸುವುದು ಸರಿಯೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ವಿಜಯಪುರ

ಅಧ್ಯಾಪಕಿಯವರಿಗೆ ನಮಸ್ಕಾರ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಯುದ್ಧ ಎಂದೇ ಕಲಿಸಿರಿ. ಆದರೆ ಅದು ಕಿತ್ತೂರಿನಂಥ ಯುದ್ಧವಾಗಿರಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಕಲಿಸಿರಿ. ಎರಡರ ನಡುವಿನ ಅಂತರ ತಿಳಿಯದೆ ಹೋದರೆ, ಒಂದೇ ವರ್ಷದಲ್ಲಿ ನಡೆದವೆಂಬ ಸೋಜಿಗ ಮಾತ್ರ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ.

ಕಿತ್ತೂರಿನಲ್ಲಿ ಕಂಪನಿಗೆ ಬೇಕಾಗಿದ್ದುದೇನು? ಆ ಸಂಸ್ಥಾನದ ಕಂದಾಯ ಮತ್ತು ಅದರ ಮೇಲಿನ ಒಡೆತನ. ರೈತರು ಹೊಲದಲ್ಲಿ ಇರಬೇಕು, ಜೋಳ ಬೆಳೆಯಬೇಕು, ತೆರಿಗೆ ಮಾತ್ರ ತನ್ನ ಖಜಾನೆಗೆ ಬರಬೇಕು ಎಂಬುದು ಅದರ ಲೆಕ್ಕ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಕಿತ್ತೂರಿನ ದೇಸಾಯಿಯನ್ನು ಕಂಪನಿ ಒಪ್ಪಿಕೊಂಡಿತ್ತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಒಪ್ಪದೆ ಥ್ಯಾಕರೆ ಖಜಾನೆಗೆ ಕೈಹಾಕಿದನು. ಜಗಳ ಹುಟ್ಟಿದ್ದು ಅಲ್ಲಿಂದ. ಇದು ಘೋರ ಅನ್ಯಾಯವೇ ಹೌದು. ಆದರೆ ದತ್ತಕವನ್ನು ನಿರಾಕರಿಸಬೇಕಾದರೂ ಅಲ್ಲಿ ಒಬ್ಬ ಒಡೆಯನಿದ್ದನೆಂದು, ಅವನಿಗೆ ವಾರಸುದಾರಿಕೆ ಎಂಬುದೊಂದು ಇತ್ತೆಂದು ಮೊದಲು ಒಪ್ಪಲೇಬೇಕಾಗುತ್ತದೆ. ಚೆನ್ನಮ್ಮ ಬರೆಯಲು ಪತ್ರವಿತ್ತು, ತೋರಿಸಲು ದಾಖಲೆಯಿತ್ತು.

ವಿರಾಜುರಿ ಜನರಿಗೆ ಆ ಅವಕಾಶವೇ ಇರಲಿಲ್ಲ. ಆಸ್ಟ್ರೇಲಿಯಕ್ಕೆ ಬಂದವರಿಗೆ ಬೇಕಾಗಿದ್ದುದು ನೆಲ, ಅದೂ ಜನರಿಲ್ಲದ ನೆಲ. ಕ್ಯಾಪ್ಟನ್ ಕುಕ್‌ಗೆ ಕೊಟ್ಟಿದ್ದ ಗುಪ್ತ ಆದೇಶದಲ್ಲಿ ಸ್ಥಳೀಯರ ಒಪ್ಪಿಗೆ ಪಡೆದು ನೆಲವನ್ನು ವಶಪಡಿಸಿಕೊಳ್ಳಬೇಕೆಂಬ ಮಾತಿತ್ತು. 1770ರಲ್ಲಿ ಅವನು ಯಾರನ್ನೂ ಕೇಳದೆ ಪೂರ್ವ ಕರಾವಳಿಯುದ್ದಕ್ಕೂ ತನ್ನ ರಾಜನ ಹೆಸರು ಹೇಳಿದನು. 1788ರ ಜನವರಿ 26ರಂದು ಆರ್ಥರ್ ಫಿಲಿಪ್ 11 ಹಡಗುಗಳ ತಂಡದೊಡನೆ ಸಿಡ್ನಿಯಲ್ಲಿ ಧ್ವಜ ಏರಿಸಿದಾಗಲೂ ಯಾವ ಒಪ್ಪಂದವೂ ಆಗಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಇಡೀ ಖಂಡಕ್ಕೆ ಉತಾರವೇ, ಅಂದರೆ ಒಡೆತನ ತೋರಿಸುವ ಭೂದಾಖಲೆಯೇ, ಇಲ್ಲವೆಂದು ಅವರು ತೀರ್ಮಾನಿಸಿಬಿಟ್ಟರು. ಅಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಬಾಳಿದ, ನೂರಾರು ಭಾಷೆಗಳನ್ನಾಡುತ್ತಿದ್ದ, ಯಾವ ಹಳ್ಳದವರೆಗೆ ಯಾರ ನೆಲ ಎಂಬುದನ್ನು ಹಾಡಿನಲ್ಲಿಯೇ ನೆನಪಿಟ್ಟ ಜನರಿದ್ದರು. ಆ ಹಾಡು ಉತಾರವೆನಿಸಲಿಲ್ಲ.

ಇದರಿಂದಲೇ ‘ಯುದ್ಧ’ ಎಂಬ ಪದದ ತೊಡಕು ಹುಟ್ಟಿತು. ಆ ಜನರು ಹುಟ್ಟಿನಿಂದಲೇ ಬ್ರಿಟಿಷ್ ರಾಜನ ಪ್ರಜೆಗಳು ಎಂದು ಕಾನೂನು ಹೇಳುತ್ತಿತ್ತು. ಪ್ರಜೆಗಳ ಮೇಲೆ ಯುದ್ಧ ಸಾರುವಂತಿಲ್ಲ; ಆದ್ದರಿಂದ ಅವರು ಭರ್ಜಿ ಎತ್ತಿದರೆ ಅಪರಾಧಿಗಳು, ಶತ್ರುಗಳಲ್ಲ. ಅಪರಾಧಿಗಳಾದರೆ ನ್ಯಾಯಾಲಯಕ್ಕೆ ಕರೆತರಬೇಕಲ್ಲವೇ? ಅದೂ ಇಲ್ಲ. ಆ ಬಿಕ್ಕಟ್ಟನ್ನು ದಾಟಲೆಂದೇ ಬ್ರಿಸ್ಬೇನ್ ಸೇನಾ ಕಾನೂನನ್ನು ತಂದನು. ಅದು ಇರುವಷ್ಟು ದಿನ ವಿಚಾರಣೆಯಿಲ್ಲದೆ ಗುಂಡು ಹಾರಿಸಬಹುದಾಗಿತ್ತು. ಮೇಜರ್ ಮೋರಿಸೆಟ್‌ನ ಕೈಕೆಳಗೆ 75 ಸೈನಿಕರನ್ನು ಬ್ಯಾಥರ್ಸ್ಟಿಗೆ ಕಳಿಸಲಾಯಿತು, ವಿಂಡ್ರಡೈನ್‌ನನ್ನು ಹಿಡಿದುಕೊಟ್ಟವರಿಗೆ 500 ಎಕರೆ ಭೂಮಿಯ ಬಹುಮಾನ ಸಾರಲಾಯಿತು. ಯಾರ ನೆಲವನ್ನು ಕಿತ್ತುಕೊಂಡಿದ್ದರೋ ಅವರ ನಾಯಕನ ತಲೆಗೆ ಅದೇ ನೆಲದ ತುಂಡು ಬೆಲೆಯಾಯಿತು. ಯಾರೂ ಹಿಡಿದುಕೊಡಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಅವನೇ ತನ್ನ ಜನರೊಡನೆ ಬೆಟ್ಟ ದಾಟಿ, ಬಹುದೂರ ನಡೆದು, ಪ್ಯಾರಮಟ್ಟಾದಲ್ಲಿ ಗವರ್ನರನ ವಾರ್ಷಿಕ ಔತಣಕ್ಕೆ ಬಂದನು. ತಲೆಯ ಮೇಲಿನ ಹುಲ್ಲಿನ ಟೋಪಿಯಲ್ಲಿ ಇಂಗ್ಲಿಷಿನಲ್ಲಿ ‘ಶಾಂತಿ’ ಎಂದು ಬರೆದ ಚೀಟಿ ಸಿಕ್ಕಿಸಲಾಗಿತ್ತು. ಸೈನಿಕರನ್ನು ಕಳಿಸಿ, ತಲೆಗೆ ಬೆಲೆ ಕಟ್ಟಿ, ಕೊನೆಗೆ ಶಾಂತಿ ಮಾಡಿಕೊಂಡದ್ದನ್ನು ಯುದ್ಧವಲ್ಲವೆಂದು ಹೇಗೆ ಹೇಳುವುದು?

ಬ್ಯಾಥರ್ಸ್ಟ್ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಸಿಡ್ನಿಯ ಸುತ್ತಲೇ ಬಿಡ್ಜಿಗಲ್ ಜನರ ಪೆಮುಲ್ವಾಯ್ 1790ರಿಂದ ಹನ್ನೆರಡು ವರ್ಷ ಹೋರಾಡಿದನು. 1797ರಲ್ಲಿ ಪ್ಯಾರಮಟ್ಟಾದಲ್ಲಿ ಗುಂಡೇಟು ತಿಂದು, ಹಿಡಿಯಲ್ಪಟ್ಟು, ತಪ್ಪಿಸಿಕೊಂಡನು. 1802ರಲ್ಲಿ ಅವನನ್ನು ಕೊಂದ ಮೇಲೆ ತಲೆಯನ್ನು ಇಂಗ್ಲೆಂಡಿಗೆ ಕಳಿಸಿದರು. ಟಾಸ್ಮೇನಿಯದಲ್ಲಿ ನಡೆದದ್ದನ್ನಂತೂ ವಲಸಿಗರೇ ‘ಕಪ್ಪು ಯುದ್ಧ’ ಎಂದು ಕರೆದರು. ಅಲ್ಲಿ ಗವರ್ನರ್ ಜಾರ್ಜ್ ಆರ್ಥರ್ 1828ರಲ್ಲಿ ಸೇನಾ ಕಾನೂನು ಸಾರಿದನು. 1830ರಲ್ಲಿ ಸೈನಿಕರು, ಬ್ರಿಟನ್ನಿನಿಂದ ಶಿಕ್ಷೆಗಾಗಿ ಸಾಗಿಸಿದ ಕೈದಿಗಳು, ವಲಸಿಗರು ಸೇರಿ ಸುಮಾರು 2,200 ಜನರನ್ನು ಸಾಲಾಗಿ ನಿಲ್ಲಿಸಿ, ಬೇಟೆಯಲ್ಲಿ ಕಾಡುಹಂದಿಯನ್ನು ಒಂದು ಮೂಲೆಗೆ ಅಟ್ಟುವಂತೆ, ಮೂಲನಿವಾಸಿಗಳನ್ನು ದ್ವೀಪದ ಒಂದು ತುದಿಗೆ ಅಟ್ಟಲು ಹೊರಟನು. ವಾರಗಟ್ಟಲೆ ನಡೆದ ಆ ಸಾಲಿಗೆ ಸಿಕ್ಕವರು ಇಬ್ಬರು. ಸಾಲು ಸೋತಿತು, ಆದರೆ ಅಷ್ಟರಲ್ಲಿ ಹೋರಾಡಲು ಉಳಿದಿದ್ದವರೂ ಬಹಳ ಕಡಿಮೆ. ಅವರನ್ನು ಮಾತಿನಿಂದ ಒಲಿಸಿ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿಗೆ ಹೋದ ಸುಮಾರು 200 ಜನರಲ್ಲಿ 1847ರಲ್ಲಿ ಜೀವಂತ ಹೊರಗೆ ಬಂದವರು 47 ಮಂದಿ.

ಹಲಗಲಿಯ ಹೋಲಿಕೆ ಬೇರೆ ರೀತಿಯದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧಗಳನ್ನು ಒಪ್ಪಿಸಲಾರೆವೆಂದು ಮುಧೋಳ ಸೀಮೆಯ ಆ ಬೇಡರು ನಿಂತರು. ಊರಿಗೆ ಬೆಂಕಿ ಬಿತ್ತು, 19 ಜನರನ್ನು ಗಲ್ಲಿಗೇರಿಸಲಾಯಿತು. ಆಯುಧವೆಂದರೆ ಅವರಿಗೆ ಬೇಟೆ, ಬದುಕು, ಮರ್ಯಾದೆ ಮೂರೂ ಆಗಿತ್ತು. ಸರ್ಕಾರಕ್ಕೆ ಅರ್ಥವಾಗದ ಆ ಸಂಬಂಧದಲ್ಲಿ ಹಲಗಲಿಯವರು ವಿರಾಜುರಿಗಳಿಗೆ ಕಿತ್ತೂರಿಗಿಂತ ಹೆಚ್ಚು ಹತ್ತಿರ.

ಉತ್ತರ: ಬಾದಾಮಿ ಕಡೆಯ ಕುರಿಗಾರ ಮನೆತನದವನು

ಗುರುಗಳು ನೆಲದ ಮಾತನ್ನು ಹೇಳಿದರು. ನನಗೆ ಆ ನೆಲದ ಮೇಲೆ ನಡೆದುಹೋದ ಕುರಿಗಳ ಬಗ್ಗೆ ಹೇಳಬೇಕೆನಿಸಿತು. ನಮ್ಮ ಮನೆತನದವರು ಇಂದಿಗೂ ಕುರಿ ಕಾಯುತ್ತಾರೆ. ನಾನು ಓದಿ ಬೇರೆ ಕೆಲಸಕ್ಕೆ ಬಂದೆ.

ನಮ್ಮಲ್ಲಿ ಕುರಿಗಾರನಿಗೂ ಹೊಲದವನಿಗೂ ಜಗಳ ಆಗುವುದಿಲ್ಲವೆಂದಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಹೊಲದವನೇ ಹಿಂಡನ್ನು ಕರೆಯುತ್ತಾನೆ. ರಾತ್ರಿ ಹೊಲದಲ್ಲಿ ಕುರಿ ಕೂಡ್ರಿಸಿದರೆ ಹಿಕ್ಕೆಯ ಗೊಬ್ಬರ ಅವನಿಗೆ, ಜೋಳವೋ ದುಡ್ಡೋ ನಮಗೆ. ಯಾರ ಬೆಳೆ ಎಲ್ಲಿಯವರೆಗೆ, ಯಾವ ಕೆರೆಗೆ ಯಾವಾಗ ಇಳಿಯಬೇಕು ಎಂಬುದನ್ನು ಕೇಳಿಯೇ ಮುಂದೆ ಹೋಗಬೇಕು. ಆಸ್ಟ್ರೇಲಿಯದಲ್ಲಿ ಆದದ್ದು ಕೇಳದೆ ನುಗ್ಗಿದ ಹಿಂಡು. ಇಂಗ್ಲೆಂಡಿನ ಯಾರ್ಕ್‌ಷೈರ್ ಗಿರಣಿಗಳಿಗೆ ಮೆರಿನೋ ಉಣ್ಣೆ ಎಷ್ಟು ಬಂದರೂ ಸಾಲುತ್ತಿರಲಿಲ್ಲ. ಸರ್ಕಾರ 1829ರಲ್ಲಿ ಇಲ್ಲಿಂದಾಚೆ ಹೋಗಕೂಡದೆಂದು ಗೆರೆ ಎಳೆದರೂ ಕುರಿಯವರು ಅದನ್ನು ಲೆಕ್ಕಿಸದೆ ಒಳನಾಡಿಗೆ ಹೋದರು. ಅಧ್ಯಾಪಕಿಯವರು ಹೇಳಿದ ಸರಿಯುವ ಗಡಿ ಇದೇ.

ಈಗಿನ ವಿಕ್ಟೋರಿಯದ ಬಯಲುಗಳಲ್ಲಿ ಮರ್ನಾಂಗ್ ಎಂಬ ಹಳದಿ ಹೂವಿನ ಒಂದು ಸಣ್ಣ ಗಿಡ. ಅದರ ಗೆಡ್ಡೆ ಅಲ್ಲಿಯ ಜನರ ಮುಖ್ಯ ಆಹಾರ. ಹೆಂಗಸರು ಕೋಲಿನಿಂದ ಅಗೆದು, ದೊಡ್ಡದನ್ನು ತೆಗೆದು, ಚಿಕ್ಕದನ್ನು ಅಲ್ಲಿಯೇ ಬಿಟ್ಟು, ಮಣ್ಣನ್ನು ಸಡಿಲ ಮಾಡಿ ಮುಂದೆ ಹೋಗುತ್ತಿದ್ದರು. ಬಿತ್ತನೆಯ ಸಾಲು ಕಾಣಿಸದಿದ್ದರೂ ಅದು ಒಕ್ಕಲುತನವೇ. ಕುರಿಗೆ ಆ ಗಿಡವೆಂದರೆ ಬಹಳ ಪ್ರೀತಿ. ಎಲೆ ಮೇಯ್ದು, ಮೂತಿಯಿಂದ ಮಣ್ಣು ಕೆದರಿ ಗೆಡ್ಡೆಯನ್ನೂ ತಿನ್ನುತ್ತದೆ. ಸಾವಿರಾರು ಕುರಿಗಳು ಬಂದ ಕೆಲವೇ ವರ್ಷಗಳಲ್ಲಿ ಮರ್ನಾಂಗ್ ಬಯಲುಗಳು ಬರಿದಾದವು. ಕುರಿಯ ಗೊರಸು ನೆಲವನ್ನು ಗಟ್ಟಿ ಮಾಡಿತು, ನೀರಿನ ಗುಂಡಿಗಳು ರಾಡಿಯಾದವು, ಕಾಂಗರೂಗಳು ದೂರ ಹೋದವು. ಹೊಟ್ಟೆಗಿಲ್ಲದವರು ತಮ್ಮ ನೆಲದಲ್ಲಿ ಮೇಯುತ್ತಿದ್ದ ಕುರಿಯನ್ನು ಭರ್ಜಿಯಿಂದ ಹೊಡೆದರು, ಅದು ‘ಕಳ್ಳತನ’ವಾಯಿತು, ಅದಕ್ಕೆ ಉತ್ತರ ಬಂದೂಕಿನಿಂದ ಬಂತು. ಯುದ್ಧಗಳ ಕಾರಣವೆಂದು ದೊಡ್ಡ ಮಾತುಗಳನ್ನು ಬರೆಯುತ್ತಾರೆ. ಬಹಳ ಕಡೆ ಕಾರಣ ಇಷ್ಟೇ ಆಗಿತ್ತು.

ಒಪ್ಪಂದವೇ ಆಗಲಿಲ್ಲವೆಂದು ಗುರುಗಳು ಹೇಳಿದ್ದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬವನು ಈಗಿನ ಮೆಲ್ಬರ್ನ್ ಇರುವಲ್ಲಿ ಮೂಲನಿವಾಸಿ ಹಿರಿಯರಿಂದ ಸುಮಾರು 6 ಲಕ್ಷ ಎಕರೆ ನೆಲವನ್ನು ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಪಡೆದೆನೆಂದು ಕಾಗದ ಮಾಡಿಕೊಂಡನು. ಅದು ನ್ಯಾಯವಾದ ವ್ಯವಹಾರವಾಗಿರಲಿಲ್ಲ. ಆ ಹಿರಿಯರಿಗೆ ‘ಮಾರುವುದು’ ಎಂಬ ಕಲ್ಪನೆಯೇ ಇದ್ದಿರಲಾರದು. ಆದರೂ ಗವರ್ನರ್ ಬರ್ಕ್ ಅದನ್ನು ರದ್ದುಮಾಡಿದ್ದು ಜನರಿಗೆ ಮೋಸವಾಯಿತೆಂದಲ್ಲ, ಆ ನೆಲವೆಲ್ಲ ಬ್ರಿಟಿಷ್ ರಾಜನದು, ಅವರಿಗೆ ಮಾರುವ ಹಕ್ಕೇ ಇಲ್ಲವೆಂದು. ಕಂಬಳಿ ನೇಯುವ ಜಾತಿಯಲ್ಲಿ ಹುಟ್ಟಿದ ನನಗೆ ಆ ಪಟ್ಟಿಯಲ್ಲಿ ಕಂಬಳಿಯ ಹೆಸರು ಓದಿ ಸಂಕಟವಾಯಿತು.

ನೆಲವನ್ನು ಅವರು ದುಡಿಸಿಕೊಂಡಿರಲಿಲ್ಲವೆನ್ನುವವರಿಗೆ ಇನ್ನೊಂದು ಮಾತು. ಅದೇ ವಿಕ್ಟೋರಿಯದಲ್ಲಿ ಗುಂಡಿಟ್ಜ್‌ಮಾರಾ ಜನರು ಜ್ವಾಲಾಮುಖಿಯ ಕಲ್ಲುಗಳಿಂದ ಕಾಲುವೆ, ಒಡ್ಡು ಕಟ್ಟಿ ಹಾವುಮೀನು ಸಾಕುತ್ತಿದ್ದರು. ಅದಕ್ಕೆ ಆರು ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಬಜ್ ಬಿಮ್ ಎಂಬ ಆ ಸ್ಥಳ 2019ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು, ನಮ್ಮ ಪಟ್ಟದಕಲ್ಲಿನ ಹಾಗೆಯೇ. ವಲಸಿಗರು ಬಂದಾಗ ಅವರು ಆ ಕಲ್ಲುನಾಡಿನಲ್ಲಿಯೇ ಅಡಗಿ ವರ್ಷಗಟ್ಟಲೆ ಹೋರಾಡಿದರು, ಏಕೆಂದರೆ ಕುದುರೆ ಅಲ್ಲಿಗೆ ಬರಲಾರದು. ಬಾದಾಮಿಯ ಬಂಡೆಗಳ ನಡುವೆ ಓಡಾಡಿದವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಮರ್ನಾಂಗ್ ಗೆಡ್ಡೆಯ ಮಾತನ್ನು ಖಂಡಿತವಾಗಿ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಒಕ್ಕಲುತನದ ಮನೆಯವರು, ಅವರಿಗೆ ಅದು ತಟ್ಟುತ್ತದೆ.

ಇನ್ನೊಂದು ಸಂದೇಹ. ಅಲ್ಲಿಯ ಹತ್ಯೆಗಳನ್ನು ಉತ್ಪ್ರೇಕ್ಷೆ ಮಾಡಲಾಗಿದೆ, ದಾಖಲೆಗಳಿಲ್ಲ ಎಂದು ವಾದಿಸುವವರೂ ಇದ್ದಾರೆಂದು ಓದಿದೆ. ಕಿತ್ತೂರಿಗೆ ಇಂಗ್ಲಿಷರ ಪತ್ರಗಳೇ ಸಾಕ್ಷಿ, ಹಲಗಲಿಗೆ ಲಾವಣಿಯೂ ಇದೆ. ಅಲ್ಲಿ ಸಾಕ್ಷಿ ಹೇಳಿದವರು ಯಾರು?

ಉತ್ತರ: ಬೆಳಗಾವಿಗೆ ಮರಳಿದವನು

ನಾನು ಕೆಲಸದ ಮೇಲೆ ಕೆಲವು ವರ್ಷ ಆಸ್ಟ್ರೇಲಿಯದಲ್ಲಿದ್ದು ಈಗ ಬೆಳಗಾವಿಗೆ ಮರಳಿದ್ದೇನೆ. ಇತಿಹಾಸ ನನ್ನ ವಿಷಯವಲ್ಲ. ಆದರೆ ನ್ಯೂ ಸೌತ್ ವೇಲ್ಸಿನ ಉತ್ತರದಲ್ಲಿರುವ ಮಯಾಲ್ ಕ್ರೀಕ್ ಎಂಬ ಸ್ಥಳಕ್ಕೆ ಒಮ್ಮೆ ಹೋಗಿದ್ದೆ. ನಿಮ್ಮ ಪ್ರಶ್ನೆಯ ಉತ್ತರ ಅಲ್ಲಿದೆ.

1838ರ ಜೂನ್ 10ರಂದು ಅಲ್ಲಿಯ ದನಗಾವಲಿನ ಗುಡಿಸಲುಗಳ ಹತ್ತಿರ ವಿರ್ರಯರಾಯ್ ಜನರ ಒಂದು ಗುಂಪು ಶಾಂತವಾಗಿ ತಂಗಿತ್ತು. ಗಟ್ಟಿಮುಟ್ಟಾದ ಗಂಡಸರು ಕೆಲಸಕ್ಕೆಂದು ಬೇರೆ ಕಡೆ ಹೋಗಿದ್ದರು. ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಕುದುರೆಗಳ ಮೇಲೆ ಬಂದ ದನಗಾಹಿಗಳ ತಂಡವೊಂದು ಅವರನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ಎಳೆದೊಯ್ದು ಕೊಂದಿತು. ಕನಿಷ್ಠ 28 ಜನ. ಎರಡು ದಿನಗಳ ಮೇಲೆ ಮರಳಿ ಬಂದು ಹೆಣಗಳನ್ನು ಸುಟ್ಟರು. ಆ ಗಾವಲಿನ ಮೇಲ್ವಿಚಾರಕ ವಿಲಿಯಂ ಹಾಬ್ಸ್ ಆಗ ಬೇರೆ ಕಡೆ ಹೋಗಿದ್ದವನು ಮರಳಿ ಬಂದು ನೋಡಿ, ಸುಮ್ಮನಿರಲಾರದೆ ಸರ್ಕಾರಕ್ಕೆ ವರದಿ ಮಾಡಿದನು. ಗುಡಿಸಲು ಕಾಯುತ್ತಿದ್ದ ಜಾರ್ಜ್ ಆಂಡರ್ಸನ್ ಎಂಬ ಕೈದಿ ನ್ಯಾಯಾಲಯದಲ್ಲಿ ಕಂಡದ್ದನ್ನು ಹೇಳಿದನು. ಡೇವಿ ಎಂಬ ಮೂಲನಿವಾಸಿ ಯುವಕನಿಗೂ ಎಲ್ಲ ಗೊತ್ತಿತ್ತು. ಆದರೆ ಅವನು ಕ್ರೈಸ್ತ ಪ್ರಮಾಣ ಮಾಡಲಾರನೆಂಬ ಕಾರಣಕ್ಕೆ ಅವನ ಮಾತನ್ನು ಕೇಳಲಿಲ್ಲ. ಅಧ್ಯಾಪಕಿಯವರೇ, ದಾಖಲೆಗಳು ಏಕಿಲ್ಲ ಎಂಬುದಕ್ಕೆ ಇದೊಂದೇ ಸಂಗತಿ ಸಾಕು. ಕಂಡವರ ಬಾಯಿಗೆ ಕಾನೂನೇ ಬೀಗ ಹಾಕಿತ್ತು.

ಮೊದಲ ವಿಚಾರಣೆಯಲ್ಲಿ 11 ಆರೋಪಿಗಳೂ ಬಿಡುಗಡೆಯಾದರು. ಅಟಾರ್ನಿ ಜನರಲ್ ಜಾನ್ ಪ್ಲಂಕೆಟ್ ಪಟ್ಟು ಬಿಡದೆ ಎರಡನೆಯ ವಿಚಾರಣೆ ನಡೆಸಿದನು. ಏಳು ಜನರಿಗೆ ಶಿಕ್ಷೆಯಾಗಿ ಡಿಸೆಂಬರ್ 18ರಂದು ಗಲ್ಲಾಯಿತು. ಗುಂಪಿನ ಮುಂದಾಳಾಗಿದ್ದ, ಉಳಿದವರಂತೆ ಕೈದಿಯಾಗಿ ಬಂದವನಲ್ಲದೆ ಸ್ವತಂತ್ರನಾಗಿ ಹುಟ್ಟಿದ ಜಾನ್ ಫ್ಲೆಮಿಂಗ್ ಮಾತ್ರ ಸಿಗಲೇ ಇಲ್ಲ. ಇಂಥ ನ್ಯಾಯ ಬಹಳ ಅಪರೂಪ. ವಲಸಿಗರು ಇದರಿಂದ ಕಲಿತದ್ದು ಕೊಲ್ಲಬಾರದೆಂಬುದನ್ನಲ್ಲ, ಮಾತಾಡಬಾರದೆಂಬುದನ್ನು. ಹತ್ಯೆಗಳು ನಿಲ್ಲಲಿಲ್ಲ, ಮುಚ್ಚಿಡುವುದು ಹೆಚ್ಚಾಯಿತು, ಹಿಟ್ಟಿನಲ್ಲಿ ವಿಷ ಬೆರೆಸಿ ಕೊಟ್ಟ ಸುದ್ದಿಗಳೂ ಬಂದವು.

ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ್ತಿ ಲಿಂಡಲ್ ರಯಾನ್ ಅವರ ತಂಡ, ಆರು ಅಥವಾ ಹೆಚ್ಚು ನಿರಾಯುಧ ಜನರನ್ನು ಒಂದೇ ಕಡೆ ಕೊಂದ ಸ್ಥಳಗಳನ್ನು ವರ್ಷಗಟ್ಟಲೆ ಹುಡುಕಿ ನಕಾಶೆಯ ಮೇಲೆ ಗುರುತಿಸಿತು. ಪತ್ರ, ದಿನಚರಿ, ಪತ್ರಿಕೆ, ನ್ಯಾಯಾಲಯದ ಕಾಗದ, ಮೂಲನಿವಾಸಿ ಮನೆತನಗಳ ಬಾಯಿಮಾತು ಎಲ್ಲವನ್ನೂ ತಾಳೆ ನೋಡಿ ಅಂಥ ನಾಲ್ಕು ನೂರಕ್ಕೂ ಹೆಚ್ಚು ಸ್ಥಳಗಳನ್ನು ಕಂಡುಹಿಡಿಯಲಾಗಿದೆ. ಸಂಖ್ಯೆ ಉತ್ಪ್ರೇಕ್ಷೆಯೆನ್ನುವವರು ಆ ನಕಾಶೆಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಇದೆಲ್ಲ ಎರಡು ಶತಮಾನ ಹಿಂದಿನದೆಂದೂ ತಿಳಿಯಬಾರದು. ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರಲ್ಲಿ. ಅದಾಗಿ ನಾಲ್ಕು ವರ್ಷಗಳ ಮೇಲೆ, 1928ರಲ್ಲಿ, ಮಧ್ಯ ಆಸ್ಟ್ರೇಲಿಯದ ಕಾನಿಸ್ಟನ್ ಸೀಮೆಯಲ್ಲಿ ಒಬ್ಬ ಬಿಳಿಯನ ಕೊಲೆಗೆ ಪ್ರತಿಯಾಗಿ ಪೊಲೀಸ್ ಪೇದೆಯ ತಂಡವೊಂದು ವಾರಗಟ್ಟಲೆ ಗುಂಡು ಹಾರಿಸುತ್ತ ಅಲೆಯಿತು. ಸರ್ಕಾರವೇ ಒಪ್ಪಿದ ಲೆಕ್ಕ 31 ಸಾವು; ಜನರ ನೆನಪಿನ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ವಿಚಾರಣೆ ನಡೆಸಿದ ಮಂಡಳಿ ಅದನ್ನು ಆತ್ಮರಕ್ಷಣೆ ಎಂದಿತು.

ಮಯಾಲ್ ಕ್ರೀಕಿನಲ್ಲಿ 2000ದ ಜೂನ್‌ನಲ್ಲಿ ಸ್ಮಾರಕವಾಯಿತು. ಕೊಂದವರ ವಂಶದವರೂ ಕೊಲೆಯಾದವರ ವಂಶದವರೂ ಅಲ್ಲಿ ಜೊತೆಗೆ ನಿಂತರು, ಈಗಲೂ ಪ್ರತಿ ಜೂನ್‌ನಲ್ಲಿ ಸೇರುತ್ತಾರೆ. ಮರಗಳ ನಡುವೆ ಒಂದು ಕಾಲುದಾರಿ, ದಾರಿಯುದ್ದಕ್ಕೂ ಕಥೆ ಹೇಳುವ ಫಲಕಗಳು, ತುದಿಯಲ್ಲಿ ಒಂದು ದೊಡ್ಡ ಬಂಡೆ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರದ ಕೆಳಗೆ ನಿಂತಾಗ ಆಗುವ ಮೌನವೇ ಅಲ್ಲಿಯೂ ನನಗೆ ಆಯಿತು.

ಉತ್ತರ: ಸೆಟ್ಲಮೆಂಟಿನ ಮೊಮ್ಮಗ, ವಿಜಯಪುರ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಕಾದಾಟ ಮುಗಿದ ಮೇಲೆ ಏನಾಯಿತೆಂಬುದನ್ನು ಮಕ್ಕಳಿಗೆ ಹೇಳದೆ ಬಿಡಬಾರದೆಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ನಮ್ಮ ಅಜ್ಜ ಹುಟ್ಟಿದ್ದು ವಿಜಯಪುರದ ಸೆಟ್ಲಮೆಂಟಿನಲ್ಲಿ. ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಕೆಲವು ಜಾತಿಗಳ ಜನರನ್ನು, ಅವರು ತಪ್ಪು ಮಾಡಿರಲಿ ಬಿಡಲಿ, ಬೇಲಿಯೊಳಗೆ ಇಟ್ಟು ದಿನವೂ ಹಾಜರಿ ತೆಗೆದುಕೊಳ್ಳುತ್ತಿದ್ದರು. ಆ ಕಾಯ್ದೆ ಮೊದಲು 1871ರಲ್ಲಿ ಉತ್ತರ ಭಾರತಕ್ಕೆ ಬಂತು, 1911ರಲ್ಲಿ ದೇಶಕ್ಕೆಲ್ಲ ಹರಡಿತು, 1952ರಲ್ಲಿ ಹೋಯಿತು. 1911ರ ಕಾಯ್ದೆಯಲ್ಲಿ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು. ಆಸ್ಟ್ರೇಲಿಯದ ಇತಿಹಾಸವನ್ನು ಓದುವಾಗ ನನ್ನ ಕೈ ನಿಂತದ್ದು ಇಲ್ಲಿಯೇ. ನ್ಯೂ ಸೌತ್ ವೇಲ್ಸಿನಲ್ಲಿ ಮೂಲನಿವಾಸಿಗಳ ‘ರಕ್ಷಣೆ’ಯ ಕಾಯ್ದೆ 1909ರದು, 1915ರ ತಿದ್ದುಪಡಿಯಿಂದ ನ್ಯಾಯಾಲಯಕ್ಕೆ ಹೋಗದೆಯೇ ಮಕ್ಕಳನ್ನು ಕಿತ್ತುಕೊಳ್ಳಬಹುದಾಯಿತು. ಪಶ್ಚಿಮ ಆಸ್ಟ್ರೇಲಿಯದಲ್ಲಿ 1918ರಲ್ಲಿ ತೆರೆದ ಮೂರ್ ರಿವರ್ ಎಂಬ ಶಿಬಿರದ ಹೆಸರಿನಲ್ಲಿಯೂ ‘ಸೆಟ್ಲಮೆಂಟ್’ ಎಂಬ ಪದವೇ ಇತ್ತು. ಹಾಗೆ ಕಿತ್ತುಕೊಂಡ ಮಕ್ಕಳಿಗಾಗಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ಒಂದೇ ಇಂಗ್ಲಿಷ್ ಪದ. ಬಿಳಿಯನು ಬಂದು ಮನೆ ಕಟ್ಟಿದರೆ ಅದೂ ಸೆಟ್ಲಮೆಂಟ್, ಇದ್ದವನನ್ನು ಎಬ್ಬಿಸಿ ಬೇಲಿಯೊಳಗೆ ಕೂಡಿದರೆ ಅದೂ ಸೆಟ್ಲಮೆಂಟ್. ಅಜ್ಜ ಆ ಪದವನ್ನು ಉಚ್ಚರಿಸುವಾಗ ದನಿ ತಗ್ಗಿಸುತ್ತಿದ್ದ. ಕಿತ್ತೂರಿನ ಸಾಲಿನಲ್ಲಿ ವಿಂಡ್ರಡೈನ್‌ನನ್ನು ನಿಲ್ಲಿಸಿರಿ, ಸಂತೋಷ. ಆದರೆ ಅವನ ಮೊಮ್ಮಕ್ಕಳನ್ನು ನಿಲ್ಲಿಸುವಾಗ ಅವರ ಪಕ್ಕದಲ್ಲಿ ನಮ್ಮ ಅಜ್ಜನಿಗೂ ಒಂದಿಷ್ಟು ಜಾಗ ಇರಲಿ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ವಿಜಯಪುರ

ತಮ್ಮಾ, ನಿನ್ನ ಮಾತು ಸರಿ. ಬ್ಯಾಥರ್ಸ್ಟಿನೊಡನೆ ಹೋಲಿಸಲು ಎಲ್ಲಿ ಹುಡುಕಬೇಕೆಂದು ನಾನು ಕೋಟೆಗಳ ಕಡೆ ನೋಡುತ್ತಿದ್ದೆ. ನಮ್ಮೂರಿನಲ್ಲಿಯೇ ಇದ್ದುದನ್ನು ನೋಡಲಿಲ್ಲ.

ಅಧ್ಯಾಪಕಿಯವರಿಗೆ ಇನ್ನೆರಡು ಮಾತು. ಒಂದು, 1848ರಿಂದ ಉತ್ತರದ ಸೀಮೆಗಳಲ್ಲಿ, ಮುಂದೆ ಕ್ವೀನ್ಸ್‌ಲ್ಯಾಂಡಿನಲ್ಲಿ, ಬಿಳಿಯ ಅಧಿಕಾರಿಗಳ ಕೈಕೆಳಗೆ ದೂರದ ಊರುಗಳ ಮೂಲನಿವಾಸಿ ಯುವಕರನ್ನೇ ಸೇರಿಸಿ ಒಂದು ಪೊಲೀಸ್ ಪಡೆ ಕಟ್ಟಿದರು. ಬಹಳಷ್ಟು ಹತ್ಯೆಗಳು ಆ ಪಡೆಯಿಂದ ಆದವು. ಇದನ್ನು ಕೇಳಿ ಮಕ್ಕಳು ಬೆರಗಾದರೆ, ಕಿತ್ತೂರಿಗೆ ಬಂದ ಕಂಪನಿಯ ಪಡೆಯಲ್ಲಿ ಹೆಚ್ಚಿನವರು ಎಲ್ಲಿಯವರೆಂದು ಕೇಳಿರಿ, ರಾಯಣ್ಣನನ್ನು ಹಿಡಿದುಕೊಟ್ಟವರು ಯಾರೆಂದೂ ಕೇಳಿರಿ. ಎರಡು, ‘ಉತಾರವಿಲ್ಲದ ನೆಲ’ ಎಂಬ ಸುಳ್ಳನ್ನು ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರ ಜೂನ್ 3ರಂದು, ಟಾರೆಸ್ ಜಲಸಂಧಿಯ ಮರ್ರೆ ದ್ವೀಪದ ಎಡ್ಡಿ ಮಾಬೊ ಮತ್ತು ಅವರ ಸಂಗಡಿಗರು ಹೂಡಿದ ದಾವೆಯಲ್ಲಿ. ತೀರ್ಪು ಬರುವ ಕೆಲವೇ ತಿಂಗಳು ಮೊದಲು ಮಾಬೊ ತೀರಿಕೊಂಡಿದ್ದರು. ಸಂವಿಧಾನದಲ್ಲಿ ಮೂಲನಿವಾಸಿಗಳಿಗೆ ಒಂದು ಸಲಹಾ ದನಿ ಕೊಡಬೇಕೆಂದು 2023ರ ಅಕ್ಟೋಬರ್ 14ರಂದು ಜನಮತ ಕೇಳಿದಾಗ ನೂರಕ್ಕೆ ಸುಮಾರು 60 ಮತದಾರರು ಬೇಡವೆಂದರು.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ಪಾಠದ ದಿನವನ್ನು ಬದಲಿಸುತ್ತಿದ್ದೇನೆ. ಅಕ್ಟೋಬರ್ ಬದಲು ಜನವರಿ 26ರ ಧ್ವಜವಂದನೆಯ ನಂತರ ಮಾಡುತ್ತೇನೆ. 1788ರಲ್ಲಿ ಅದೇ ದಿನ ಸಿಡ್ನಿಯಲ್ಲಿ ಬ್ರಿಟಿಷರು ಇಳಿದರು. 1831ರಲ್ಲಿ ಅದೇ ದಿನ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. 1938ರಲ್ಲಿ ಅದೇ ದಿನ ಸಿಡ್ನಿಯಲ್ಲಿ ಮೂಲನಿವಾಸಿಗಳು ಶೋಕದಿನ ಆಚರಿಸಿದರು. 1950ರಲ್ಲಿ ಅದೇ ದಿನ ನಮ್ಮದು ಗಣರಾಜ್ಯವಾಯಿತು. ಈ ನಾಲ್ಕನ್ನೂ ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ದಂಗೆ, ಘರ್ಷಣೆ, ಯುದ್ಧ ಎಂಬ ಮೂರು ಪದಗಳನ್ನು ಇಟ್ಟು, ಯಾವುದು ಏಕೆ ಎಂಬುದನ್ನು ಮಕ್ಕಳೇ ವಾದಿಸಲಿ ಎಂದುಕೊಂಡಿದ್ದೇನೆ. ಸೆಟ್ಲಮೆಂಟಿನ ಮೊಮ್ಮಗನವರೇ, ತಾವು ಒಪ್ಪಿದರೆ ಅಂದು ಬೈಲಹೊಂಗಲಕ್ಕೆ ಬಂದು ಅಜ್ಜನ ವಿಷಯವನ್ನು ತಾವೇ ಹೇಳಬೇಕು. ಹೋಗಿಬರುವ ವ್ಯವಸ್ಥೆಯನ್ನು ನಾವು ನೋಡಿಕೊಳ್ಳುತ್ತೇವೆ.

ಉತ್ತರ: ಸೆಟ್ಲಮೆಂಟಿನ ಮೊಮ್ಮಗ, ವಿಜಯಪುರ

ಬರುತ್ತೇನೆ, ಅಕ್ಕಾವರೇ. ಅವ್ವನನ್ನೂ ಕರೆದುಕೊಂಡು ಬರುತ್ತೇನೆ. ಹಾಜರಿಯ ಗಂಟೆಯ ವಿಷಯ ಅಜ್ಜ ಹೇಳಿದ್ದು ಅವಳಿಗೆ ನನಗಿಂತ ಚೆನ್ನಾಗಿ ನೆನಪಿದೆ.